ಯಾರೂ ಇಲ್ಲದ ದ್ವೀಪಕ್ಕೆ ಅಣ್ಣನನ್ನು ಕಳಿಸಿದ್ದು

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ, ನನಗೆ ಶಿಫಾರಸಿನ ಚಟ. ನನ್ನೆದುರು ಯಾರಾದರೂ ಹಲ್ಲುನೋವು ಎಂದರೆ ಅವರು ಬಾಯಿ ಮುಚ್ಚುವುದರೊಳಗೆ ನಾನು ದಂತವೈದ್ಯರ ಹೆಸರು, ಅವರ ಕ್ಲಿನಿಕ್ಕಿನ ಮೆಟ್ಟಿಲು ಯಾವ ಬೇಕರಿಯ ಪಕ್ಕದಲ್ಲಿದೆ, ಒಳಗೆ ಯಾವ ಕುರ್ಚಿಯಲ್ಲಿ ಕೂತರೆ ಫ್ಯಾನಿನ ಗಾಳಿ ತಾಗುತ್ತದೆ ಎಂಬುದನ್ನೆಲ್ಲ ಹೇಳಿ ಮುಗಿಸಿರುತ್ತೇನೆ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತೆಗೆ ಟೈಲರನ್ನು ಶಿಫಾರಸು ಮಾಡಿದ್ದೇನೆ. ಆ ಟೈಲರಿಗೆ ಕನ್ನಡಕದ ಅಂಗಡಿ ಶಿಫಾರಸು ಮಾಡಿದ್ದೇನೆ. ಒಮ್ಮೆ ಯಾರದೋ ಉತ್ತರಕ್ರಿಯೆಗೆ, ಬೊಜ್ಜದ ಊಟಕ್ಕೆ ಹೋದವಳು ಸಾರು ಸ್ವಲ್ಪ ಉಪ್ಪಾಯಿತೆಂದು, ಮುಂದಿನ ಸಲಕ್ಕೆ ಆಗಲಿ ಎಂದು ಮನೆಯವರಿಗೆ ಬೇರೆ ಅಡುಗೆಯವರ ನಂಬರು ಕೊಟ್ಟು ಬಂದಿದ್ದೇನೆ. ಆ ಮನೆಯವರು ಆಮೇಲೆ ನನ್ನನ್ನು ಯಾವ ಸಮಾರಂಭಕ್ಕೂ ಕರೆದಿಲ್ಲ. ಹೊಟ್ಟೆಪಾಡಿಗೂ ನಾನು ಮಾಡುವುದು ಇದೇ ಕೆಲಸ. ಮಿಜಾರು ಕಡೆಯ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್ ಆಗಿದ್ದೇನೆ. ಮಕ್ಕಳು ಬಂದು "ಮೇಡಂ, ಒಂದು ಒಳ್ಳೆಯ ಪುಸ್ತಕ ಕೊಡಿ" ಎನ್ನುತ್ತಾರೆ. ಕೊಡುತ್ತೇನೆ. ಹದಿನೈದು ದಿನ ಬಿಟ್ಟು, ಮಡಿಕೆ ಬೀಳದ ಅದೇ ಪುಸ್ತಕವನ್ನು ತಂದು "ತುಂಬಾ ಒಳ್ಳೆಯದಿತ್ತು ಮೇಡಂ" ಎನ್ನುತ್ತಾರೆ. ನನಗೂ ಗೊತ್ತು, ಅವರಿಗೂ ಗೊತ್ತು. ಇಬ್ಬರೂ ನಗುತ್ತೇವೆ.

ಪುಸ್ತಕದಿಂದ ನಾನು ವಿಡಿಯೋ ಗೇಮಿಗೆ ಜಾರಿದ್ದು ಆಕಸ್ಮಿಕ. ಮೂರು ವರ್ಷದ ಹಿಂದೆ ನಮ್ಮ ಆ್ಯನಿಮೇಶನ್ ವಿಭಾಗದವರು ತಮಗೆ ಹಳತಾದ ಒಂದು ಕಂಪ್ಯೂಟರನ್ನು ಲೈಬ್ರೇರಿಗೆ ದಾನ ಮಾಡಿದರು. ಸರಿ ಉಂಟೋ ಇಲ್ಲವೋ ನೋಡುವ ಎಂದು ಒಂದೊಂದೇ ಚಿತ್ರವನ್ನು ಒತ್ತುತ್ತ ಹೋದೆ. ಇದ್ದಕ್ಕಿದ್ದಂತೆ ನಾನು ಒಂದು ಕಡಲತೀರದಲ್ಲಿ ನಿಂತಿದ್ದೆ. ಪರದೆಯಲ್ಲಿ ಮನುಷ್ಯನ ಗೊಂಬೆ ಇಲ್ಲ, ಕೋವಿ ಇಲ್ಲ, ಕತ್ತಿ ಇಲ್ಲ. ನನ್ನ ಕಣ್ಣಿಗೆ ಕಾಣಬೇಕಾದದ್ದಷ್ಟೇ ಕಾಣುತ್ತಿತ್ತು. ಎದುರಿಗೆ ಬೂದುಬಣ್ಣದ ಸಮುದ್ರ, ಹಿಂದಕ್ಕೆ ತಿರುಗಿದರೆ ಒಂದು ಕಲ್ಲಿನ ದಾರಿ, ದಾರಿಯ ತುದಿಯಲ್ಲಿ ಬೀಗ ಹಾಕಿದ ಒಂದು ಕಟ್ಟಡ. ಗಾಳಿಯ ಶಬ್ದ ಬಿಟ್ಟರೆ ಏನೂ ಇಲ್ಲ. ನಾನು ನಡೆದೆ. ಬೀಗವನ್ನು ನೋಡಿದೆ. ಬೀಗದ ಮೇಲೆ ಒಂದು ಹಕ್ಕಿಯ ಚಿತ್ರವಿತ್ತು. ಹಾಗಾದರೆ ಹಕ್ಕಿ ಎಲ್ಲಿದೆ ಎಂದು ಹುಡುಕಿದೆ. ಅದು ಸಿಕ್ಕಿ ಬೀಗ ತೆರೆದಾಗ ತಲೆಯೆತ್ತಿ ನೋಡುತ್ತೇನೆ, ಅಟೆಂಡರ್ ಮಧ್ಯಾಹ್ನದ ಊಟ ಮುಗಿಸಿ, ನನ್ನ ಬುತ್ತಿಯನ್ನು ಎದುರಿಗಿಟ್ಟು, "ಮೇಡಂ, ಹುಷಾರಿಲ್ಲವಾ?" ಎಂದು ಕೇಳುತ್ತಿದ್ದಾನೆ. ನನಗೆ ಐವತ್ತೊಂದು ವರ್ಷ. ಒಂದು ಕಡೆ ಹತ್ತು ನಿಮಿಷ ಕೂತವಳಲ್ಲ. ಮದುವೆ ಮನೆಯಲ್ಲಿ ಧಾರೆಯಾಗುವಷ್ಟರಲ್ಲಿ ಮೂರು ಸಲ ಕುರ್ಚಿ ಬದಲಿಸುವ ಹೆಂಗಸು. ಅಂಥವಳು ಎರಡೂವರೆ ಗಂಟೆ ಕದಲದೆ ಕೂತಿದ್ದೆ.

ಇಂಥ ಆಟಗಳು ಒಂದೆರಡಲ್ಲ, ಬೇಕಾದಷ್ಟಿವೆ ಎಂದು ಆಮೇಲೆ ತಿಳಿಯಿತು. ಹಿಮದಲ್ಲಿ ನಿಂತುಹೋದ ರೈಲಿನೊಳಗೆ ಡಬ್ಬಿಯಿಂದ ಡಬ್ಬಿಗೆ ಹೋಗುತ್ತ ಪ್ರಯಾಣಿಕರ ಸಾಮಾನು ನೋಡಿ ಅವರ ಕತೆ ಕಟ್ಟುವುದೊಂದು. ಬತ್ತಿದ ಕೆರೆಯ ತಳದಲ್ಲಿ ಮುಳುಗಿಹೋಗಿದ್ದ ಊರನ್ನು ಸುತ್ತುವುದೊಂದು. ಅವಸರವಿಲ್ಲ, ಅಂಕ ಇಲ್ಲ, ಯಾರೂ ಹೊಡೆಯಲು ಬರುವುದಿಲ್ಲ. ನೋಡಬೇಕು, ಯೋಚಿಸಬೇಕು, ಬಾಗಿಲು ತೆರೆಯಬೇಕು, ಅಷ್ಟೆ. ಮನೆಗೆ ಒಂದು ಒಳ್ಳೆಯ ಲ್ಯಾಪ್‌ಟಾಪ್ ಬಂತು. ಹೊಸ ಶಿಫಾರಸಿನ ಕಂತೆಯೊಂದು ಕೈಗೆ ಸಿಕ್ಕಿದ ಮೇಲೆ ನಾನು ಸುಮ್ಮನಿರುವುದುಂಟೆ? ಮೊದಲ ಬಲಿ ನಮ್ಮವರು, ಅಂದರೆ ನನ್ನ ಗಂಡ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಚಕ್ಕುಲಿ ತಿನ್ನುತ್ತ ಬರುವ ಮನುಷ್ಯ, ನನ್ನ ದ್ವೀಪದ ಕಲ್ಲುದಾರಿಯಲ್ಲಿ ನಾಲ್ಕು ಹೆಜ್ಜೆ ಹಾಕಿದ್ದೇ ತಡ, ಬಚ್ಚಲಿಗೆ ಓಡಿದರು. ಕಣ್ಣು ನಡೆಯುತ್ತದೆ, ದೇಹ ಕೂತಿರುತ್ತದೆ, ಕೆಲವರಿಗೆ ಅದರಿಂದ ತಲೆ ತಿರುಗುತ್ತದಂತೆ. ಅಂದಿನಿಂದ ನಾನು ಲ್ಯಾಪ್‌ಟಾಪ್ ತೆರೆದರೆ ಅವರು ಗೋಡೆಯ ಕಡೆಗೆ ಮುಖ ಮಾಡಿ ಕೂರುತ್ತಾರೆ. ಎರಡನೆಯವರು ನಮ್ಮ ಕಾಲೇಜಿನ ಫ್ಲಾವಿಯಾ ಮೇಡಂ. ಅರ್ಧ ಗಂಟೆ ಸಮಾಧಾನದಿಂದ ಆಡಿ, "ಶತ್ರು ಯಾರು?" ಎಂದು ಕೇಳಿದರು. "ಶತ್ರು ಇಲ್ಲ" ಎಂದೆ. "ಗೆದ್ದರೆ ಏನು ಸಿಗ್ತದೆ?" "ಇನ್ನೊಂದು ಬಾಗಿಲು." "ಇದಕ್ಕೆ ಇಲ್ಲಿಯ ತನಕ ಬರಬೇಕಿತ್ತಾ ಸುಜಾತಾ? ನನ್ನ ಮನೆಯಲ್ಲೇ ಬೀಗದ ಕೈ ಕಾಣದೆ ದಿನಾ ಹುಡುಕ್ತೇನಲ್ಲ" ಎಂದು ಚೀಲ ಎತ್ತಿಕೊಂಡು ಹೋದರು.

ಇಷ್ಟಾದರೂ ಬುದ್ಧಿ ಬರಲಿಲ್ಲ ಎನ್ನುವುದಕ್ಕೆ ನನ್ನ ಅಣ್ಣನ ಪ್ರಕರಣವೇ ಸಾಕ್ಷಿ. ಅಣ್ಣನ ಹೆಸರು ಸದಾನಂದ. ಇಪ್ಪತ್ತಾರು ವರ್ಷ ಗಲ್ಫಿನಲ್ಲಿ ದೊಡ್ಡ ದೊಡ್ಡ ಕಟ್ಟಡಗಳಿಗೆ, ಕಾರ್ಖಾನೆಗಳಿಗೆ ಕರೆಂಟು ಎಳೆಯುವ ಕೆಲಸದ ಫೋರ್‌ಮನ್ ಆಗಿದ್ದ. ಮಡಂತ್ಯಾರಿನಲ್ಲಿ ಟಾರಸಿ ಮನೆ ಕಟ್ಟಿಸಿ, ಕೆಲಸ ಸಾಕೆಂದು ಊರಿಗೆ ಬಂದು ಎರಡು ತಿಂಗಳಾಗುವಷ್ಟರಲ್ಲಿ ಎದೆ ನೋವು ಬಂತು. ಮಂಗಳೂರಿಗೆ ಒಯ್ದು ಎರಡು ಸ್ಟೆಂಟ್ ಹಾಕಿಸಿದೆವು. ಡಾಕ್ಟರು ಆರು ವಾರ ವಿಶ್ರಾಂತಿ ಎಂದರು. ಭಾರ ಎತ್ತಬಾರದು, ಏಣಿ ಹತ್ತಬಾರದು, ಸಿಟ್ಟು ಮಾಡಬಾರದು. ಅಣ್ಣನಿಗೆ ಜೀವನದಲ್ಲಿ ಗೊತ್ತಿದ್ದದ್ದು ಈ ಮೂರೇ ಕೆಲಸ.

ಆಸ್ಪತ್ರೆಯಿಂದ ಬಂದ ನಾಲ್ಕನೆಯ ದಿನದಿಂದ ವಸಂತಿ ಅತ್ತಿಗೆಯ ಫೋನು ಶುರುವಾಯಿತು. "ಸುಜಾತಾ, ಇವತ್ತು ಮನೆಯ ಎಲ್ಲ ಸ್ವಿಚ್ಚಿಗೂ ಚೀಟಿ ಅಂಟಿಸಿದ್ದಾರೆ. ನನ್ನ ಗ್ರೈಂಡರಿನ ಹೆಸರು ಈಗ ಉಪಕರಣ ಏಳು." ಮರುದಿನ, "ಬೆಳಿಗ್ಗೆ ಏಳು ಗಂಟೆಗೆ ಅಂಗಳದಲ್ಲಿ ಮೀಟಿಂಗ್ ಅಂತೆ. ಇವತ್ತಿನ ಕೆಲಸ ಏನು, ಅದರಲ್ಲಿ ಅಪಾಯ ಏನು ಅಂತ ಹೇಳಬೇಕಂತೆ. ನಾನು ಮತ್ತು ನಾಯಿ ಹೋಗಿ ನಿಂತೆವು." ಅದರ ಮರುದಿನ ಮನೆಯೆದುರಿನ ಕಂಬ ಹತ್ತಿದ ಲೈನ್‌ಮನ್ನಿಗೆ ಕೆಳಗಿನಿಂದ ಅರ್ಧ ಗಂಟೆ ಪಾಠ ಮಾಡಿದನಂತೆ. ಕೂತರೆ ಏಳುತ್ತಾನೆ, ಎದ್ದರೆ ಗೇಟಿನವರೆಗೆ ಹೋಗುತ್ತಾನೆ, ಗೇಟಿನಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಅಡುಗೆಮನೆಗೆ. ಹನ್ನೆರಡನೆಯ ದಿನ ಅತ್ತಿಗೆ ಬಟ್ಟೆ ಒಗೆಯುತ್ತಿದ್ದಾಗ ಮೇಲಿನಿಂದ ಯಾರೋ ಕೆಮ್ಮಿದಂತಾಯಿತು. ಕತ್ತೆತ್ತಿ ನೋಡಿದರೆ ಅಣ್ಣ ಏಣಿ ಹತ್ತಿ ನೀರಿನ ಟಾಂಕಿಯ ಮುಚ್ಚಳ ತೆಗೆದು ಇಣುಕುತ್ತಿದ್ದಾನೆ. ಆ ದಿನ ಫೋನಿನಲ್ಲಿ ಅತ್ತಿಗೆ ಅತ್ತರು. ಅಳುವಿಗೆ ಕಾರಣ ಟಾಂಕಿಯೊಂದೇ ಅಲ್ಲ. ಅಣ್ಣ ಗುಟ್ಟಿನಲ್ಲಿ ಯಾವುದೋ ಏಜೆನ್ಸಿಯವರೊಡನೆ ಮಾತಾಡಿ, ಅಲ್ಲಿಯ ಒಂದು ಕಾರ್ಖಾನೆಯಲ್ಲಿ ನಾಲ್ಕು ತಿಂಗಳ ರಿಪೇರಿ ಕೆಲಸಕ್ಕೆ ಬರುತ್ತೇನೆಂದು ಹೆಸರು ಕೊಟ್ಟಿದ್ದ. ಎದೆಯಲ್ಲಿ ಎರಡು ಸ್ಟೆಂಟ್ ಇಟ್ಟುಕೊಂಡು ಐವತ್ತು ಡಿಗ್ರಿ ಬಿಸಿಲಿಗೆ. "ಇಲ್ಲಿ ನನಗೆ ಏನು ಕೆಲಸ ಉಂಟು ಅಂತ ಕೇಳ್ತಾರೆ. ನಾನು ಏನು ಹೇಳಲಿ?" ಎಂದರು ಅತ್ತಿಗೆ.

ಅತ್ತಿಗೆಗೆ ಏನು ಹೇಳಬೇಕೆಂದು ತಿಳಿಯಲಿಲ್ಲ, ನನಗೆ ತಿಳಿಯಿತು. ಇದಕ್ಕಿಂತ ಹೇಳಿ ಮಾಡಿಸಿದ ರೋಗಿ ಸಿಗಲಿಕ್ಕಿಲ್ಲ ಎಂದು ನನ್ನ ಕೈ ತುರಿಸತೊಡಗಿತು. ನನ್ನ ದ್ವೀಪದ ಆಟದಲ್ಲಿ ಮುಂದೆ ಹೋದಂತೆ ಒಂದು ಪಾಳುಬಿದ್ದ ವಿದ್ಯುತ್ ಕೇಂದ್ರ ಬರುತ್ತದೆ. ಯಂತ್ರಗಳು ತುಕ್ಕು ಹಿಡಿದು ನಿಂತಿರುತ್ತವೆ. ಅವನ್ನು ಒಂದೊಂದಾಗಿ ನಡೆಸಬೇಕು. ಭಾರ ಎತ್ತುವುದು ಇಲ್ಲ, ಏಣಿ ಇದ್ದರೂ ಬೆರಳಿನಲ್ಲಿ ಹತ್ತುವುದು, ಸಿಟ್ಟು ಮಾಡಲು ಒಬ್ಬ ಮನುಷ್ಯನೂ ಇಲ್ಲ. ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ, ಮೂಡುಬಿದಿರೆಯಲ್ಲಿ ಬಸ್ಸು ಹತ್ತಿ, ಗುರುವಾಯನಕೆರೆಯಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಮಡಂತ್ಯಾರಿಗೆ ಹೋದೆ. ಸೀಟು ಖಾಲಿ ಇದ್ದರೂ ದಾರಿಯುದ್ದಕ್ಕೂ ನಿಂತೇ ಇದ್ದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಬರೆದದ್ದು ಕನ್ನಡ. ಹಾಗಾಗಿ ಅಣ್ಣನ ಬೈಗುಳಗಳ ಖಾರ ಅರ್ಧಕ್ಕರ್ಧ ಇಳಿದಿದೆ, ಅದು ಓದುವವರ ಪುಣ್ಯ. "ಮಕ್ಕಳ ಆಟ ನನಗೆ ಯಾಕೆ?" ಎಂದು ಶುರು ಮಾಡಿದ. "ಆಟ ಅಲ್ಲ ಅಣ್ಣ, ಸೈಟ್ ಇನ್ಸ್‌ಪೆಕ್ಷನ್ ಅಂತ ತಿಳಿದುಕೊ" ಎಂದೆ. ಆ ಶಬ್ದ ಕೇಳಿದ್ದೇ ಕುರ್ಚಿ ಎಳೆದುಕೊಂಡ. ಮೌಸನ್ನು ಅವನು ಹಿಡಿದ ರೀತಿ ನೋಡಿದರೆ ಸುತ್ತಿಗೆ ಹಿಡಿದಂತಿತ್ತು. ಮೊದಲ ಕಾಲು ಗಂಟೆ ಬರೀ ಆಕಾಶ ನೋಡಿದ. ಆಮೇಲೆ ಕೆಳಗೆ ನೋಡಿದವನು ಗಾಬರಿಯಾಗಿ, "ಸುಜಾ, ನನ್ನ ಕಾಲು ಎಲ್ಲಿ?" ಎಂದ.

"ಇದರಲ್ಲಿ ನಮಗೆ ಕಾಲು ಇಲ್ಲ ಅಣ್ಣ. ಕಣ್ಣು ಮಾತ್ರ."

"ಕಾಲಿಲ್ಲದೆ ಹೇಗೆ ನಡೆಯುವುದು ಮಾರಾಯ್ತಿ? ಸೇಫ್ಟಿ ಶೂ ಇಲ್ಲದವನನ್ನು ನಾನು ಗೇಟಿನ ಒಳಗೆ ಬಿಟ್ಟವನಲ್ಲ."

ಅಂತೂ ಕಾಲಿಲ್ಲದೆಯೇ ನಡೆದ. ಕಲ್ಲುದಾರಿ ಹತ್ತಿದ. ಹಕ್ಕಿಯ ಬೀಗವನ್ನು ನನಗಿಂತ ಬೇಗ ತೆರೆದ. ನನಗೆ ಸ್ವಲ್ಪ ಬೇಸರವಾಯಿತು, ತೋರಿಸಲಿಲ್ಲ. ಬೇರೆಯವರು ಬಾಗಿಲು ತೆರೆಯುವುದನ್ನು ಹಿಂದೆ ನಿಂತು ನೋಡುವ ಸಂಕಟ ಅನುಭವಿಸಿದವರಿಗೇ ಗೊತ್ತು. ನಾಲಗೆಯ ತುದಿಯಲ್ಲಿ ಉತ್ತರ ಕುಣಿಯುತ್ತಿರುತ್ತದೆ. ನಾನು ಸೆರಗಿನ ಚುಂಗನ್ನು ಬಾಯಿಯಲ್ಲಿ ಕಚ್ಚಿಕೊಂಡು ನಿಂತಿದ್ದೆ. ಸಂಜೆಯ ಬಸ್ಸಿಗೆ ಹೊರಡುವಾಗ ಅಣ್ಣ ಕತ್ತೆತ್ತಲಿಲ್ಲ. "ಬರ್ತೇನೆ" ಎಂದರೆ, "ಹ್ಞಾಂ, ಬಾಗಿಲು ಹಾಕಿಕೊಂಡು ಹೋಗು, ಗಾಳಿ ಉಂಟು" ಎಂದ. ಮಡಂತ್ಯಾರಿನಲ್ಲಿ ಎಲೆ ಕೂಡ ಅಲುಗುತ್ತಿರಲಿಲ್ಲ. ಗಾಳಿ ಇದ್ದದ್ದು ದ್ವೀಪದಲ್ಲಿ. ನನ್ನ ಶಿಫಾರಸಿನ ಇತಿಹಾಸದಲ್ಲೇ ಅಂಥ ಗೆಲುವು ಇರಲಿಲ್ಲ. ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ.

ಗೆಲುವು ಐದು ದಿನ ಬಾಳಿತು. ಗುರುವಾರ ಅತ್ತಿಗೆಯ ಫೋನು. "ಮೊದಲು ನನಗೆ ಬೈಯ್ತಿದ್ದರು, ಈಗ ಸಮುದ್ರಕ್ಕೆ ಬೈಯ್ತಾರೆ. ನನಗೆ ಅಷ್ಟು ಆರಾಮವೇ. ಆದರೆ ಬಿ.ಪಿ. ನೂರ ಅರುವತ್ತು ಉಂಟು ಸುಜಾತಾ." ವಿಷಯ ಏನೆಂದರೆ, ನಾವೆಲ್ಲ ಯಾವ ದ್ವೀಪದಲ್ಲಿ ಮೋಡದ ಬಣ್ಣ, ಹುಲ್ಲಿನ ಸದ್ದು, ಮೌನದ ಸೊಗಸು ನೋಡುತ್ತೇವೋ, ಅಲ್ಲಿ ಅಣ್ಣ ನೋಡಿದ್ದು ಬರೀ ತಪ್ಪು. ಒಂದು ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಪಟ್ಟಿ ಮಾಡಿದ್ದ. ಸಮುದ್ರದ ಬದಿ ಮೆಟ್ಟಿಲಿಗೆ ಕೈಹಿಡಿ ಇಲ್ಲ. ಪ್ಯಾನಲಿನ ಬಾಗಿಲು ತೆರೆದೇ ಉಂಟು. ಉಪ್ಪುಗಾಳಿಯಲ್ಲಿ ತಾಮ್ರದ ತಂತಿ ಬೆತ್ತಲೆ ಬಿಟ್ಟಿದ್ದಾರೆ. ಅರ್ತ್ ಇಲ್ಲ. ಕರೆಂಟು ನೆಲಕ್ಕಿಳಿಯುವ ಅರ್ತ್ ಇಲ್ಲ ಎಂಬುದನ್ನು ಮೂರು ಕಡೆ ಬರೆದು ಅಡಿಗೆರೆ ಎಳೆದಿದ್ದ. ಒಟ್ಟು ನಲವತ್ತೊಂದು ದೂರು. ಯಾರಿಗೆ ಕಳಿಸಬೇಕೆಂದು ಮಾತ್ರ ಗೊತ್ತಿರಲಿಲ್ಲ. "ಯಾವ ಕಂಟ್ರಾಕ್ಟರ್ ಮಾಡಿದ್ದು ಇದನ್ನು? ಕರೆಸು ಅವನನ್ನು!" ಎಂದು ಲ್ಯಾಪ್‌ಟಾಪಿಗೆ ಕೂಗುತ್ತಿದ್ದನಂತೆ. ಪಕ್ಕದ ಮನೆಯವರು ಬಂದು, ಮನೆ ಕಟ್ಟಿದ ಮೇಸ್ತ್ರಿಯ ಹತ್ತಿರ ಜಗಳವೇನಾದರೂ ಉಂಟಾ ಎಂದು ಅತ್ತಿಗೆಯಲ್ಲಿ ಮೆಲ್ಲ ವಿಚಾರಿಸಿದರಂತೆ.

ಎರಡು ದಿನ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಲೈಬ್ರೇರಿಯಲ್ಲಿ ಚರಿತ್ರೆಯ ಪುಸ್ತಕಗಳನ್ನು ಗಣಿತದ ಕಪಾಟಿಗೆ ಸೇರಿಸಿದೆ. ಸಮಾಧಾನಕ್ಕೆಂದು ಕೊಟ್ಟ ಮದ್ದಿನಿಂದ ಅಣ್ಣನ ಎದೆಗೆ ಏನಾದರೂ ಆದರೆ? ಡಾಕ್ಟರು ಕೇಳಿದರೆ ಏನೆಂದು ಹೇಳುವುದು, ಕಾಲಿಲ್ಲದೆ ದ್ವೀಪ ಸುತ್ತಲು ಹೋಗಿ ಹೀಗಾಯಿತು ಎನ್ನುವುದೇ? ನಮ್ಮವರಲ್ಲಿ ಹೇಳಿದೆ. ಲ್ಯಾಪ್‌ಟಾಪ್ ಮನೆಯಲ್ಲಿಲ್ಲದಿದ್ದರೂ ಅಭ್ಯಾಸಬಲದಿಂದ ಗೋಡೆ ನೋಡುತ್ತಿದ್ದ ಅವರು ಮುಖ ತಿರುಗಿಸದೆಯೇ, "ಹೋಗಿ ಆ ಲ್ಯಾಪ್‌ಟಾಪ್ ತೆಗೆದುಕೊಂಡು ಬಾ. ಬೇರೆ ಏನೂ ಶಿಫಾರಸು ಮಾಡದೆ ಬಾ" ಎಂದರು.

ಹಾಗೆ ಎರಡನೆಯ ಶನಿವಾರ, ಖಾಲಿ ಬೈರಾಸು ಹಿಡಿದು ಹೋದೆ. ಮನೆಯೊಳಗೆ ಬೊಬ್ಬೆ ಇರಲಿಲ್ಲ. ಅದನ್ನು ಕೇಳದೆ ನನಗೆ ಇನ್ನಷ್ಟು ಹೆದರಿಕೆಯಾಯಿತು. ಚಾವಡಿಯಲ್ಲಿ ಅಣ್ಣ ಮೇಜಿನೆದುರು ಕೂತಿದ್ದ, ಮೌಸಿನ ಮೇಲೆ ಕೈ ಇಲ್ಲ, ಎರಡೂ ಕೈ ತೊಡೆಯ ಮೇಲೆ. ಪರದೆಯಲ್ಲಿ ಒಂದು ಸಣ್ಣ ಕೋಣೆ. ವಿದ್ಯುತ್ ಕೇಂದ್ರದ ಕಬ್ಬಿಣದ ಬಾಗಿಲಿನ ಪಕ್ಕದಲ್ಲಿರುವ ಕೋಣೆ ಅದು, ಕೆಲಸಗಾರರು ಬಟ್ಟೆ ಬದಲಿಸುವ ಜಾಗ. ಗೋಡೆಯಲ್ಲಿ ಸಾಲಾಗಿ ಕೊಕ್ಕೆಗಳು, ಕೊಕ್ಕೆಗಳಲ್ಲಿ ಕೆಲಸಕ್ಕೆ ಒಳಗೆ ಹೋಗುವಾಗ ತೊಡುವ ಹಳೆಯ ಕೋಟುಗಳು, ಬೆಂಚಿನ ಮೇಲೆ ಒಂದು ಲೋಟ.

ಈಗ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ಆ ಕಬ್ಬಿಣದ ಬಾಗಿಲಿನಿಂದ ಮುಂದೆ ನಾನು ಹೋದವಳೇ ಅಲ್ಲ. ಬಾಗಿಲಿನ ಬದಿಯಲ್ಲಿ ಹದಿನಾಲ್ಕು ಸ್ವಿಚ್ಚುಗಳ ಒಂದು ಬೋರ್ಡು ಉಂಟು, ಕೆಳಗೊಂದು ಕೆಂಪು ಹಿಡಿ. ಹಿಡಿ ಎಳೆದರೆ ಒಳಗೆ ಏನೋ ಗುರ್ ಎಂದು ಶುರುವಾಗಿ ಸತ್ತುಹೋಗುತ್ತದೆ. ಸ್ವಿಚ್ಚುಗಳನ್ನು ಮೇಲೆ ಕೆಳಗೆ ಸಿಕ್ಕಾಪಟ್ಟೆ ಹಾಕಿ ನೋಡಿದೆ. ಇಂಟರ್ನೆಟ್ಟಿನಲ್ಲಿ ಉತ್ತರ ನೋಡಲು ಅಹಂಕಾರ ಬಿಡಲಿಲ್ಲ, ಕೂತು ಬಿಡಿಸಲು ತಾಳ್ಮೆ ಇರಲಿಲ್ಲ. ಬೇರೆ ಆಟ ಹಾಕಿಕೊಂಡೆ. ಅದರಲ್ಲೂ ಅರ್ಧಕ್ಕೆ ನಿಂತೆ, ಇನ್ನೊಂದು ಹಾಕಿಕೊಂಡೆ. ಹಿಮದ ರೈಲಿನಲ್ಲಿ ನಾನು ನಾಲ್ಕನೆಯ ಡಬ್ಬಿಯಲ್ಲಿದ್ದೇನೆ. ಬತ್ತಿದ ಕೆರೆಯಲ್ಲಿ ಇನ್ನೂ ಸೋಪಾನ ಇಳಿಯುತ್ತಿದ್ದೇನೆ. ಮೂರು ವರ್ಷದಿಂದ ಎಲ್ಲರಿಗೂ ಬಾಯಿತುಂಬ ಶಿಫಾರಸು ಮಾಡಿದ ಒಂದು ಆಟವನ್ನೂ ನಾನು ಮುಗಿಸಿದ್ದಿಲ್ಲ. ಆ ಕೋಟಿನ ಕೋಣೆಗೂ ಹೋಗಿದ್ದೆ. ಒತ್ತಲಿಕ್ಕೆ ಏನೂ ಇಲ್ಲವೆಂದು ನೋಡಿ, ಮರುಕ್ಷಣ ಹೊರಗೆ ಬಂದಿದ್ದೆ.

ಅಣ್ಣ ತಿರುಗದೆ, "ಬಾ, ಕೂತುಕೊ" ಎಂದ. "ಹದಿನಾಲ್ಕು ಕೊಕ್ಕೆ ಉಂಟು. ಕೋಟು ಎಷ್ಟು ಉಂಟು, ಲೆಕ್ಕ ಮಾಡು."

"ಹನ್ನೊಂದು."

"ಮೂವರು ಒಳಗೆ ಇದ್ದಾರೆ" ಎಂದ ಅಣ್ಣ. ಧ್ವನಿ ತಗ್ಗಿತ್ತು. "ಇಂಥ ಬೋರ್ಡು ನಮ್ಮಲ್ಲೂ ಇತ್ತು. ಕೋಟಿನದ್ದಲ್ಲ, ಬಿಲ್ಲೆಯದ್ದು. ಒಳಗೆ ಹೋಗುವವ ತನ್ನ ನಂಬರಿನ ಬಿಲ್ಲೆ ತೆಗೆದುಕೊಂಡು ಹೋಗಬೇಕು. ಹೊರಗೆ ಬಂದವ ಪುನಃ ಕೊಕ್ಕೆಗೆ ಹಾಕಬೇಕು. ಕೊಕ್ಕೆ ಖಾಲಿ ಇದ್ದರೆ ಮನುಷ್ಯ ಒಳಗಿದ್ದಾನೆ ಅಂತ ಅರ್ಥ. ಅವನ ಲೈನಿಗೆ ಕರೆಂಟು ಬಿಡಲಿಕ್ಕೆ ಇಲ್ಲ. ಯಾರು ಹೇಳಿದರೂ ಇಲ್ಲ."

ಆಮೇಲೆ ಅವನು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಒಂದು ದಿನ ಕೆಲಸ ಮುಗಿದು ಬೋರ್ಡು ನೋಡಿದರೆ ಒಂದು ಬಿಲ್ಲೆ ಕಡಿಮೆ ಇತ್ತಂತೆ. ಇಂಜಿನಿಯರು ಬಂದು, ಯಾರೋ ಮರೆತು ಜೇಬಿನಲ್ಲಿಟ್ಟುಕೊಂಡು ಹೋಗಿದ್ದಾನೆ, ಮೈನ್ ಹಾಕು ಎಂದ. ಅಣ್ಣ ಹಾಕಲಿಲ್ಲ. ಅವನ ಮೇಲಿನವನು ಬಂದ, ಅವನ ಮೇಲಿನವನು ಬಂದ. ಕೆಲಸದಿಂದ ತೆಗೆಯುತ್ತೇವೆಂದು ಹೆದರಿಸಿದರು. ಅಣ್ಣ ಮೈನಿನ ಹಿಡಿಗೆ ಬೀಗ ಹಾಕಿ, ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎರಡು ಗಂಟೆ ನಿಂತ. ಕೊನೆಗೆ ಆ ಮನುಷ್ಯ ಸಿಕ್ಕಿದ. ನೇಪಾಳದವನು, ಜ್ವರ ಬಂದು ಕೇಬಲ್ ಹಾಕುವ ಹೊಂಡದೊಳಗೆ ಮಲಗಿದ್ದ, ತಂತಿಯ ಮೇಲೆಯೇ ತಲೆಯಿಟ್ಟು.

"ಏನೂ ಆಗಲಿಲ್ಲ" ಎಂದ ಅಣ್ಣ. "ಆದರೆ ಆ ಎರಡು ಗಂಟೆ ನನಗೂ ಗೊತ್ತಿರಲಿಲ್ಲ ಸುಜಾ. ಅವನು ನಿಜವಾಗಿಯೂ ಬಿಲ್ಲೆ ಜೇಬಿನಲ್ಲಿಟ್ಟುಕೊಂಡು ಕ್ಯಾಂಪಿಗೆ ಹೋಗಿದ್ದರೆ? ನಾನು ಹುಚ್ಚನ ಹಾಗೆ ನಿಂತಿದ್ದೆ."

ನಮ್ಮ ಹಿಂದೆ ಅತ್ತಿಗೆ ಚಹಾದ ತಟ್ಟೆ ಹಿಡಿದು ನಿಂತದ್ದು ನಾವು ನೋಡಿರಲಿಲ್ಲ. "ಇದನ್ನು ನನಗೆ ಯಾಕೆ ಹೇಳಲಿಲ್ಲ?" ಎಂದರು.

"ಫೋನಿನಲ್ಲಿ ನೀನು ಊಟ ಆಯ್ತಾ ಅಂತ ಕೇಳಿದೆ. ಆಯ್ತು ಅಂತ ಹೇಳಿದೆ."

ಅತ್ತಿಗೆ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಪರದೆಯ ಕೊಕ್ಕೆಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಟಗೀಟ ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾದದ್ದು ಗೊತ್ತಾಗಿತ್ತು. "ಇಪ್ಪತ್ತಾರು ವರ್ಷ ಖಾಲಿ ಕೊಕ್ಕೆ ನೋಡಿದ್ದು ನಾನು" ಎಂದರು. "ಈಗ ಪುನಃ ನಾಲ್ಕು ತಿಂಗಳು ನೋಡಬೇಕಂತೆ." ಅಷ್ಟು ಹೇಳಿ ಒಳಗೆ ಹೋದರು. ಅತ್ತಿಗೆ ಅಳಲಿಲ್ಲ, ಧ್ವನಿ ಏರಿಸಲಿಲ್ಲ. ಅಡುಗೆಮನೆಯಲ್ಲಿ ಉಪಕರಣ ಏಳು ತಿರುಗುವ ಸದ್ದು ಕೇಳಿಸಿತು.

ನನಗೆ ಎದ್ದು ಹೋಗಿಬಿಡುವ ಎನ್ನಿಸಿತು. ಎದ್ದರೆ ಅಣ್ಣನ ಮುಖ ನೋಡಬೇಕಾಗುತ್ತದೆ ಎಂದು ಚಹಾ ಕುಡಿದೆ. ಅಣ್ಣ ಮೌಸನ್ನು ಹಿಡಿದ. ಈ ಸಲ ಸುತ್ತಿಗೆ ಹಿಡಿದಂತೆ ಇರಲಿಲ್ಲ. ಖಾಲಿ ಕೊಕ್ಕೆಗಳ ಹತ್ತಿರ ಹೋಗಿ ನಂಬರು ನೋಡಿದ. ನಾಲ್ಕು, ಒಂಬತ್ತು, ಹದಿಮೂರು. ಕೋಣೆಯಿಂದ ಹೊರಗೆ ಬಂದು ಬೋರ್ಡಿನಲ್ಲಿ ಆ ಮೂರು ಸ್ವಿಚ್ಚುಗಳನ್ನು ಮಾತ್ರ ಕೆಳಗೆ ಹಾಕಿ ಬಂದ್ ಮಾಡಿದ. ಹಿಡಿ ಎಳೆದ. ಒಳಗೆ ಗುರ್ ಎಂದದ್ದು ಸಾಯಲಿಲ್ಲ. ಒಂದೊಂದೇ ದೀಪ ಹತ್ತುತ್ತ ಹೋಯಿತು. ಕಬ್ಬಿಣದ ಬಾಗಿಲು ಸರಿಯಿತು. ಮೂರು ವರ್ಷದಿಂದ ನನ್ನ ಮುಖಕ್ಕೆ ಮುಚ್ಚಿಕೊಂಡಿದ್ದ ಬಾಗಿಲು ಅದು. ನಾನು ಚಹಾದ ಲೋಟ ಹಿಡಿದುಕೊಂಡೇ ಎದ್ದು ನಿಂತೆ.

"ನಿನಗೆ ಈ ಬಾಗಿಲಿಗೆ ಎಷ್ಟು ದಿನ ಹಿಡಿಯಿತು?" ಎಂದ ಅಣ್ಣ.

"ಸ್ವಲ್ಪ ದಿನ ಹಿಡಿಯಿತು" ಎಂದೆ.

ಆ ಸಂಜೆ ಖಾಲಿ ಬೈರಾಸಿನೊಂದಿಗೇ ಮೂಡುಬಿದಿರೆಗೆ ಮರಳಿದೆ. ಸೋಮವಾರ ಬೆಳಿಗ್ಗೆ ಅಂಗಳದ ಮೀಟಿಂಗಿನಲ್ಲಿ, ಅತ್ತಿಗೆ ಮತ್ತು ನಾಯಿಯ ಸಮಕ್ಷಮ, ಅಣ್ಣ ಏಜೆನ್ಸಿಗೆ ಫೋನು ಮಾಡಿ ತನ್ನ ಹೆಸರು ತೆಗೆಯಲು ಹೇಳಿದನಂತೆ. ಅವರು ಕಾರಣ ಕೇಳಿದರಂತೆ. "ಇಲ್ಲಿ ಕೆಲಸ ಉಂಟು" ಎಂದನಂತೆ. ಏನು ಕೆಲಸ ಎಂದು ಅತ್ತಿಗೆ ಕೇಳಲಿಲ್ಲ. ಅಂದಿನಿಂದ ಅಂಗಳದಲ್ಲಿ ಏಳು ಗಂಟೆಯ ಮೀಟಿಂಗ್ ಚಹಾದೊಂದಿಗೆ ನಡೆಯುತ್ತದೆ, ಅರ್ಧ ಗಂಟೆ ನಡೆಯುತ್ತದೆ. ಅಣ್ಣ ಅಲ್ಲಿಯ ಒಂದೊಂದೇ ಕತೆ ತೆಗೆಯುತ್ತಾನೆ, ಅತ್ತಿಗೆ ನಡುನಡುವೆ ಪ್ರಶ್ನೆ ಕೇಳುತ್ತಾರೆ. ಬಿ.ಪಿ. ನೂರ ಮೂವತ್ತಕ್ಕೆ ಬಂತು. ದೂರಿನ ಪಟ್ಟಿ ನಲವತ್ತೊಂದರಿಂದ ಅರುವತ್ತಕ್ಕೆ ಏರಿದರೂ ಈಗ ಅದನ್ನು ಮೆಲುದನಿಯಲ್ಲಿ ಬರೆಯುತ್ತಾನೆ ಎಂದು ವರದಿ.

ಮುಂದಿನ ಶನಿವಾರ ನಾನು ಹೋಗುವಾಗ ಅಣ್ಣ ಗೇಟಿನಲ್ಲೇ ಕಾಯುತ್ತಿದ್ದ. ಮುಖ ನೋಡಿದರೆ ಸುಖವಿಲ್ಲ ಎಂದು ತಿಳಿಯುವಂತಿತ್ತು. "ಆಟ ಮುಗಿಯಿತು" ಎಂದ. "ಹೇಗಿತ್ತು?" ಎಂದೆ. "ಅದು ಇರಲಿ. ಮುಗಿದ ಮೇಲೆ ಅದರಲ್ಲಿ ಹಳೆಯ ಆಟಗಳ ಪಟ್ಟಿ ಬಂತು. ನಿನ್ನ ಹೆಸರಿನದ್ದು ಒಂದು, ತಾರೀಕಿನ ಸಮೇತ ಇತ್ತು. ತೆರೆದು ನೋಡಿದೆ." ನಾನು ಚಪ್ಪಲಿ ಕಳಚುವ ನೆಪದಲ್ಲಿ ಬಗ್ಗಿದೆ. "ಬೋರ್ಡಿನೆದುರು ನಿಂತಿದ್ದೀಯಲ್ಲ ಮಾರಾಯ್ತಿ. ಮೂರು ವರ್ಷದಿಂದ! ಹದಿನಾಲ್ಕು ಸ್ವಿಚ್ಚೂ ಮೇಲೆ! ಒಳಗೆ ಮೂರು ಜನ ಇರುವಾಗ!"

"ಆ ಮೂವರು ಇಲ್ಲ ಅಣ್ಣ, ಅದು ಆಟ" ಎಂದೆ.

"ಆ ಮಾತು ನನ್ನ ಹತ್ತಿರ ಆಡಬೇಡ" ಎಂದು ನನ್ನನ್ನು ಮೇಜಿನೆದುರು ಕೂರಿಸಿ, ಕೈ ಹಿಂದೆ ಕಟ್ಟಿ ನನ್ನ ಕುರ್ಚಿಯ ಪಕ್ಕ ನಿಂತ. ಹಾಗೆ ಅವನ ಕೈಕೆಳಗೆ ನೂರಾರು ಜನ ಕೆಲಸ ಮಾಡಿರಬೇಕು, ಅವರ ಮೇಲೆ ನನಗೆ ಆಗ ಅಪಾರ ಕನಿಕರ ಹುಟ್ಟಿತು. ಬಾಗಿಲಿನ ಉತ್ತರ ಗೊತ್ತಿತ್ತು, ತೆರೆದೆ. ಅದರಾಚೆ ಕೆಳಕ್ಕಿಳಿಯುವ ಮೆಟ್ಟಿಲು, ಮೆಟ್ಟಿಲ ಕೊನೆಗೆ ನೀರು ತುಂಬಿದ ಒಂದು ಕೋಣೆ, ಮೂರು ಚಕ್ರ. ನಾನು ಮೊದಲ ಚಕ್ರ ತಿರುಗಿಸಲು ಹೋದೆ. "ಮೊದಲು ನೋಡು. ಕೈ ಆಮೇಲೆ" ಎಂದ. ನೋಡಿದೆ. "ನೋಡಿದೆ" ಎಂದೆ. "ಇನ್ನೂ ನೋಡು" ಎಂದ. ಐದು ನಿಮಿಷಕ್ಕೆ ನೀರು ಕುಡಿಯಲು ಎದ್ದೆ, ಕೂರಿಸಿದ. ಹತ್ತು ನಿಮಿಷಕ್ಕೆ ಅತ್ತಿಗೆಗೆ ತರಕಾರಿ ಹೆಚ್ಚಿಕೊಡುತ್ತೇನೆಂದು ಎದ್ದೆ, ಕೂರಿಸಿದ. "ಅಣ್ಣ, ಇದಕ್ಕಿಂತ ಒಳ್ಳೆಯ ಒಂದು ಆಟ ಉಂಟು, ಹಿಮದಲ್ಲಿ ರೈಲು..." ಎಂದು ಶುರು ಮಾಡಿದೆ. "ಇದನ್ನು ಮುಗಿಸು" ಎಂದ. ಉತ್ತರ ಅವನಿಗೆ ಗೊತ್ತಿತ್ತು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಂಥ ಕಲ್ಲುಹೃದಯದ ಮನುಷ್ಯನಿಗೆ ಸ್ಟೆಂಟ್ ಹೇಗೆ ಒಳಹೊಕ್ಕಿತೋ.

ಅರ್ಧ ಗಂಟೆಯ ಮೇಲೆ, ಗೋಡೆಯಲ್ಲಿ ನೀರು ಇಳಿದ ಮೂರು ಕಲೆಗಳು ನನ್ನ ಕಣ್ಣಿಗೆ ಬಿದ್ದವು. ಒಂದು ಎತ್ತರದಲ್ಲಿ, ಒಂದು ನಡುವೆ, ಒಂದು ಕೆಳಗೆ. ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ನೆನಪಿಲ್ಲ. ಚಕ್ರ ತಿರುಗಿಸುತ್ತಿದ್ದೆ, ನೀರು ಇಳಿಯುತ್ತಿತ್ತು. ಯಾರೋ ಬಂದು ಬಸ್ಸಿನ ಹೊತ್ತಾಯಿತು ಎಂದಂತಾಯಿತು. ಇನ್ನೊಂದು ಉಂಟಲ್ಲ ಎಂದೆನಂತೆ. ಆ ಇನ್ನೊಂದೂ ಹೋಯಿತಂತೆ. ಮೇಜಿನ ಮೇಲಿದ್ದ ನನ್ನ ಫೋನು ಬಡಿದುಕೊಂಡಾಗ ನಾನು ಎತ್ತಲಿಲ್ಲ, ಅಣ್ಣ ಎತ್ತಿದ. ಮೂಡುಬಿದಿರೆಯಿಂದ ನಮ್ಮವರು, ಇವಳು ಇನ್ನೂ ಯಾಕೆ ಹೊರಡಲಿಲ್ಲ, ಲ್ಯಾಪ್‌ಟಾಪ್ ತರಲಿಕ್ಕೆ ಹೇಳಿದ್ದೆನಲ್ಲ, ಎಂದು ಗಾಬರಿಯಿಂದ ಕೇಳುವುದು ನನ್ನವರೆಗೂ ಕೇಳಿಸಿತು.

"ಅವಳು ಒಳಗೆ ಇದ್ದಾಳೆ ಭಾವ" ಎಂದ ಅಣ್ಣ, ಬಹಳ ಗಂಭೀರವಾಗಿ. "ಹೊರಗೆ ಬಂದ ಮೇಲೆ ನಾನೇ ಫೋನು ಮಾಡಿಸ್ತೇನೆ."